ಇನ್‌ಬಾಕ್ಸಿನ ಕಸ ಯಾಕೆ ಸುದ್ದಿಯಾಗುವುದಿಲ್ಲ?

ಯಾರಾದರೂ ಕೋಟಿಗಟ್ಟಲೆ ಕಳೆದುಕೊಂಡಾಗಲೇ ನಕಲಿ ಇಮೇಲ್ ನಮ್ಮ ಚಾನೆಲ್‌ಗಳಿಗೆ ಸುದ್ದಿ. ದಿನವೂ ಬಂದು ಬೀಳುವ ಕಸದ ಬಗ್ಗೆ ಮಾತೇ ಇಲ್ಲ. ಈ ಪಿಡುಗು ಹೊಸದೇನಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್, ಇಂಟರ್ನೆಟ್‌ನ ಪೂರ್ವರೂಪವಾದ ಅರ್ಪಾನೆಟ್‌ನಲ್ಲಿದ್ದ ಸುಮಾರು 400 ಮಂದಿಗೆ ಕಂಪ್ಯೂಟರ್ ಜಾಹೀರಾತನ್ನು ಒಟ್ಟಿಗೇ ಕಳಿಸಿದರು. ಬೈಗುಳ ಬಂತು, ವ್ಯಾಪಾರವೂ ಆಯಿತು. ರೋಗದ ಬೇರು ಇರುವುದು ಅಲ್ಲೇ. ಕಳಿಸುವವನಿಗೆ ಹೆಚ್ಚೇನೂ ಖರ್ಚಿಲ್ಲ, ಸಾವಿರದಲ್ಲಿ ಒಬ್ಬ ಸಿಕ್ಕರೂ ಲಾಭ. ಉಳಿದವರ ಸಮಯಕ್ಕೆ ಬೆಲೆ ಕಟ್ಟುವವರು ಯಾರು?

ನಿವೃತ್ತ ಹಿರಿಯರನ್ನು ನೆನೆದರೆ ಸಂಕಟವಾಗುತ್ತದೆ. ‘ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಖಾತೆ ಸ್ಥಗಿತವಾಗಲಿದೆ’ ಎಂಬ ಒಂದು ಸಾಲಿಗೆ ಅವರು ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. ವಂಚಕರು ದೋಚಿದ ಮೊತ್ತವನ್ನು ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕುತ್ತವೆ. ಆ ಮೇಲ್ ಹೇಗಿತ್ತು, ಕಳಿಸಿದ ವಿಳಾಸದಲ್ಲಿ ಯಾವ ಅಕ್ಷರ ಬದಲಾಗಿತ್ತು ಎಂದು ಬಿಡಿಸಿ ಬರೆಯುವುದು ಅಪರೂಪ. ಓದುಗರಿಗೆ ನಿಜಕ್ಕೂ ಬೇಕಿರುವುದು ಅದು.

ಮನೆಯ ಹಿರಿಯರ ಫೋನಿನಲ್ಲಿ ಸೈಬರ್ ಸಹಾಯವಾಣಿ 1930ನ್ನು ಇವತ್ತೇ ಸೇವ್ ಮಾಡಿಕೊಡಿ. ಹಣ ಹೋದ ಕೂಡಲೇ ಕರೆ ಮಾಡಿದರೆ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು.