ತೆಂದೆರೆ, ವಿತಾನ, ನೀಡು

ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಗೆ ಬರುವ ಯಕ್ಷಗಾನದ ಡೇರೆ ಮೇಳಗಳನ್ನು ಜನರು ಟೆಂಟ್ ಮೇಳವೆಂದೂ ಕರೆಯುವುದುಂಟು. ಈ ‘ಟೆಂಟ್’ ಇಂಗ್ಲಿಷಿಗೆ ಬಂದುದು ಫ್ರೆಂಚಿನಿಂದ. ಫ್ರೆಂಚಿಗೆ ದೊರೆತುದು ಲ್ಯಾಟಿನ್ನಿನ ‘ತೆಂದೆರೆ’ ಎಂಬ ಕ್ರಿಯಾಪದದಿಂದ. ಅದರ ಮೊದಲ ಅರ್ಥ ಎಳೆದು ಹರಡುವುದು, ಚಾಚುವುದು. ಬಿಲ್ಲನ್ನು ಎಳೆಯುವುದು, ಗುರಿಯತ್ತ ಸಾಗುವುದು, ಅಂಗಲಾಚಿ ಕೈಯೊಡ್ಡುವುದು ಎಲ್ಲಕ್ಕೂ ರೋಮನರಿಗೆ ಇದೊಂದೇ ಪದ. ಸೈನಿಕರ ಮಾತಿನಲ್ಲಿ ಕರ್ಮಪದವೂ ಬೇಕಿರಲಿಲ್ಲ. ‘ತೆಂದೆರೆ’ ಎಂದರೆ ಗುಡಾರ ಹೂಡಿ ಬೀಡುಬಿಡುವುದೆಂದೇ ಅರ್ಥ.

ಸಂಸ್ಕೃತದ ‘ತನ್’ ಧಾತು ಇದರ ದಾಯಾದಿ. ಪಾಣಿನೀಯ ಧಾತುಪಾಠವು ಅದಕ್ಕೆ ಹೇಳುವ ಅರ್ಥ ವಿಸ್ತಾರ. ತಂತು, ತಂತಿ, ತಾನ, ಸಂತಾನ, ವಿತಾನಗಳೆಲ್ಲ ಅದರ ಮಕ್ಕಳು. ಮೇಲುಕಟ್ಟನ್ನು ಹೇಳುವ ‘ವಿತಾನ’ವೂ ಮೇಳದ ‘ಟೆಂಟ್’ ಕೂಡ ಒಂದೇ ಬೇರಿನವು. ಎರಡು ದಾರಿ ಹಿಡಿದು ಮಲೆನಾಡಿಗೆ ಬಂದವು. ಕಚೇರಿಯ ಅಟೆಂಡರ್, ಶಾಲೆಯ ಅಟೆಂಡೆನ್ಸ್, ಎಲ್ಲರ ಬಾಯಲ್ಲಿರುವ ಟೆನ್ಶನ್ ಕೂಡ ಈ ಬಳಗದವೇ. ಮನಸ್ಸನ್ನು ಒಂದರತ್ತ ಚಾಚುವುದೇ ರೋಮನರಿಗೆ ಅವಧಾನವಾಗಿತ್ತು.

ಇವುಗಳಲ್ಲಿ ಕನ್ನಡದ ವಿದ್ಯಾರ್ಥಿ ನಿಂತು ನೋಡಬೇಕಾದ ಪದ ‘ಟೆಂಡರ್’. ಚಾಚುವ ಕ್ರಿಯೆ ಅಲ್ಲಿ ಮುಂದಿಡುವ, ಒಪ್ಪಿಸುವ ಕ್ರಿಯೆಯಾಗಿದೆ. ಲ್ಯಾಟಿನ್ನಿನೊಡನೆ ಯಾವ ನಂಟೂ ಇಲ್ಲದ ಕನ್ನಡದ ‘ನೀಡು’ ತಾನಾಗಿಯೇ ಇದೇ ಹಾದಿ ತುಳಿದಿದೆ. ನೀಳ, ನಿಡುಗಣ್, ನಿಟ್ಟುಸಿರುಗಳ ಕುಲಕ್ಕೆ ಸೇರಿದ ಈ ಧಾತುವಿನ ಮೂಲಾರ್ಥ ಉದ್ದವಾಗಿ ಚಾಚುವುದು. ‘ಕಾಲು ನೀಡಿ ಕುಳಿತ’ ಎಂಬಲ್ಲಿ ಯಾರೂ ಯಾರಿಗೂ ಏನನ್ನೂ ಕೊಡುತ್ತಿಲ್ಲ. ಉತ್ತರ ಕರ್ನಾಟಕದ ಪಂಕ್ತಿಯಲ್ಲಿ ಅದೇ ‘ನೀಡು’ ಬಡಿಸುವುದಾಗುತ್ತದೆ: ಚಾಚಿದ ಕೈಯಲ್ಲಿ ಅನ್ನವಿದೆ.

ಬರಿಗೈಯಾದರೆ ಕನ್ನಡ ಬೇರೆ ಕ್ರಿಯಾಪದವನ್ನು ಆರಿಸಿಕೊಳ್ಳುತ್ತದೆ. ಕೈ ಚಾಚಿದವನು ಬೇಡುವವನು, ನೆರವಿನ ಕೈ ನೀಡಿದವನು ಕೊಡುವವನು. ರೋಮನರು ಒಂದೇ ಪದದಲ್ಲಿ ಅಡಗಿಸಿದ್ದ ಎರಡು ಭಾವಗಳನ್ನು ಕನ್ನಡ ಬೇರ್ಪಡಿಸಿತು. ಜೈನ ಮುನಿಯ ಆಹಾರವಿಧಿ ಈ ಎರಡರ ನಡುವೆ ನಿಲ್ಲುತ್ತದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಹೆಸರಿಸುವ 22 ಪರೀಷಹಗಳಲ್ಲಿ ‘ಯಾಚನಾ’ ಒಂದು. ಬಳಲಿದರೂ ಬೇಡದಿರುವುದೇ ಅದರ ಜಯ. ದಿಗಂಬರ ಮುನಿ ಪಾಣಿಪಾತ್ರದಲ್ಲಿ ಆಹಾರ ಸ್ವೀಕರಿಸುತ್ತಾನೆ. ಅದು ಚಾಚಿದ ಕೈಯಲ್ಲ.

ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಸಾಂತರರ ಕಾಲದ ಚಟ್ಟಲದೇವಿ 1077ರಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದಳು. ಅಂಥ ಧರ್ಮಕಾರ್ಯಗಳನ್ನು ಹೇಳುವ ಹಳಗನ್ನಡದ ದಾನಶಾಸನಗಳಲ್ಲಿ ದತ್ತಿಯನ್ನು ‘ಕೊಟ್ಟರ್’, ‘ಬಿಟ್ಟರ್’ ಎನ್ನುವುದೇ ವಾಡಿಕೆ. ‘ಬಿಟ್ಟರ್’ ಎಂಬಲ್ಲಿ ಒಡೆತನದ ತ್ಯಾಗವೂ ಧ್ವನಿಸುತ್ತದೆ. ಇಂದಿನ ಪತ್ರಿಕೆಗಳಲ್ಲಾದರೋ ಭೇಟಿ, ಚಾಲನೆ, ಎಚ್ಚರಿಕೆ ಎಲ್ಲವನ್ನೂ ‘ನೀಡ’ಲಾಗುತ್ತಿದೆ, ‘ಕೊಡು’ ಎಂಬ ಗಟ್ಟಿ ಪದ ಒರಟೆನಿಸಿಕೊಂಡು ಹಿಂದೆ ಸರಿದಿದೆ. ಈ ಕಿವಿಯಿಂದಲೇ ಹಳಗನ್ನಡ ಕಾವ್ಯವನ್ನು ಓದುವವರಿಗೆ ತೊಡಕು ಅಲ್ಲಿಯೇ ಕಾದಿರುತ್ತದೆ. ಅಲ್ಲಿ ‘ನೀಡುಂ’ ಎಂದರೆ ಕೊಡುಗೆಯಲ್ಲ, ಬಹುಕಾಲ; ‘ನೀಡಿದ ತೋಳ್’ ಎಂದರೆ ದಾನಿಯ ತೋಳೆಂದು ಬರೆಯುವ ಮೊದಲು ಅದು ಬರಿದೆ ಚಾಚಿದ ತೋಳೇ ಎಂಬುದನ್ನು ಸಂದರ್ಭದಿಂದ ತಿಳಿಯಬೇಕಾಗುತ್ತದೆ.