ಹ್ಯಾಂಗಾತ್ರೀ?

ನಮ್ಮ ಪ್ರಿನ್ಸಿಪಾಲರು ಧಾರವಾಡದ ಕಡೆಯವರು. ನಾನು ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನ ವಿ.ವಿ. ಪುರಂನಲ್ಲಿ. ಈ ಎರಡು ಕನ್ನಡಗಳ ನಡುವೆ ಒಂದು ಕಂಪ್ಯೂಟರು ಕೆಟ್ಟು ಕೂತರೆ ಏನಾಗುತ್ತದೆಂದು ನನಗೆ ಗೊತ್ತಾದದ್ದು 2008ರಲ್ಲಿ.

"ಸರ್, ಕಂಪ್ಯೂಟರ್ ಹ್ಯಾಂಗ್ ಆಯ್ತು."

"ಹ್ಯಾಂಗಾತ್ರೀ?"

"ಹೌದು ಸರ್, ಹ್ಯಾಂಗಾಯ್ತು."

"ಅದನ್ನ ಕೇಳಾಕತ್ತೀನ್ರೀ ನಾನೂ. ಹ್ಯಾಂಗಾತು?"

ಇನ್ನೆರಡು ಸುತ್ತು ಹೀಗೇ ನಡೆದ ಮೇಲೆ, ಬಾಗಿಲಲ್ಲಿ ನಿಂತಿದ್ದ ನಮ್ಮ ಅಟೆಂಡರ್ "ಕಂಪ್ಯೂಟ್ರು ನಿಂತೋಗದೆ ಸಾ" ಎಂದು ಇಬ್ಬರನ್ನೂ ಬಿಡಿಸಿದ. ಆಗ ನಗು ಬಂತು. ಆದರೆ ಪ್ರಿನ್ಸಿಪಾಲರು ಕೇಳಿದ್ದೇ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ನಮಗೆ ಒಂದೂವರೆ ತಿಂಗಳು ಹಿಡಿಯಿತು.

ನಾನು ಪಿಯುಸಿಗೆ ಬಾಟನಿ ಹೇಳಿಕೊಡುತ್ತಿದ್ದೆ. ಅಲ್ಲಿಯವರೆಗೆ ನನ್ನ ಆಸ್ತಿಯೆಂದರೆ ಬಣ್ಣದ ಚಾಕ್‌ಪೀಸಿನ ಡಬ್ಬ ಮತ್ತು ಒಂದು ಓವರ್‌ಹೆಡ್ ಪ್ರೊಜೆಕ್ಟರ್, ಅರ್ಥಾತ್ ಓಎಚ್‌ಪಿ. ಓಎಚ್‌ಪಿಯ ಪಾರದರ್ಶಕ ಹಾಳೆಗಳು ಫ್ಯಾನ್ ಹಾಕಿದರೆ ಹಾರುತ್ತಿದ್ದವು, ಫ್ಯಾನ್ ಆರಿಸಿದರೆ ನನ್ನ ಬೆವರು ಬಿದ್ದು ಸ್ಕೆಚ್‌ಪೆನ್ನಿನ ಬರಹ ಕಲಸಿಹೋಗುತ್ತಿತ್ತು. ಆ ವರ್ಷ ಕಾಲೇಜಿಗೆ ಕಂಪ್ಯೂಟರೂ ಪ್ರೊಜೆಕ್ಟರೂ ಬಂದವು. ಓಎಚ್‌ಪಿ ಸ್ಟೋರ್ ರೂಮು ಸೇರಿ ಅಸ್ಥಿಪಂಜರದ ಪಕ್ಕ ನಿಂತಿತು. ಅದಕ್ಕೆ ಆದ ಅನ್ಯಾಯ ನನಗೆ ತಿಳಿದದ್ದು ಆಮೇಲೆ. 1987ರಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್ ಮೆಕಿಂಟಾಶ್ ಕಂಪ್ಯೂಟರಿಗಾಗಿ ಪವರ್‌ಪಾಯಿಂಟನ್ನು ಹೊರತಂದದ್ದೇ ಓಎಚ್‌ಪಿಗೆ ಕಪ್ಪುಬಿಳುಪಿನ ಹಾಳೆ ತಯಾರಿಸಿಕೊಡಲು. ಉಣಬಡಿಸಲು ಬಂದವನು ಮನೆಯನ್ನೇ ಬರೆಸಿಕೊಂಡ.

ನನಗೂ ಹುರುಪು. ಹತ್ತು ಮೆಗಾಪಿಕ್ಸೆಲ್‌ನ ಕ್ಯಾಮೆರಾ ಕೊಂಡೆ. ಭಾನುವಾರ ಬೆಳಕು ಹರಿಯುತ್ತಲೇ ಲಾಲ್‌ಬಾಗಿನ ಪಶ್ಚಿಮದ ಗೇಟಿನಿಂದ ಒಳಹೊಕ್ಕು ಕಂಡ ಹೂವನ್ನೆಲ್ಲ ಹಿಡಿದೆ. ವಾಕಿಂಗಿಗೆ ಬಂದ ಹಿರಿಯರು ನಾನು ಮೊಣಕಾಲೂರಿ ಕೂತದ್ದು ನೋಡಿ "ಏನಮ್ಮಾ, ಓಲೆ ಬಿತ್ತಾ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಪರಾಗಸ್ಪರ್ಶದ ಪಾಠಕ್ಕೆ 60 ಸ್ಲೈಡು ತಯಾರಾಯಿತು.

ಎಂಟು ಸ್ಲೈಡು ಸರಾಗ. ಒಂಬತ್ತನೆಯದು ನಾಗಲಿಂಗದ ಹೂ. ಗೋಡೆಯ ತುಂಬ ಅರಳಿ ನಿಂತಿತು, ನಿಂತೇಬಿಟ್ಟಿತು. ಮುಂದಿನ ಸ್ಲೈಡಿಗೆ ಕೀ ಒತ್ತಿದೆ. ಮತ್ತೆ ಒತ್ತಿದೆ. ಮುಂದಿನ ಬೆಂಚಿನವನೊಬ್ಬ ಎದ್ದು ಬಂದು "ನೀವ್ ಬಿಡಿ ಮ್ಯಾಮ್" ಎಂದು ಸ್ಪೇಸ್‌ಬಾರಿನ ಮೇಲೆ ಹೆಬ್ಬೆರಳನ್ನು ಊರಿ ನಿಂತ. ಇನ್ನೊಬ್ಬಳು ಕಂಟ್ರೋಲ್, ಆಲ್ಟ್, ಡಿಲೀಟ್ ಎಂದಳು. ಐಬಿಎಂನ ಎಂಜಿನಿಯರ್ ಡೇವಿಡ್ ಬ್ರಾಡ್ಲಿ 1981ರ ಪಿಸಿಗೆ ಈ ಮೂರು ಕೀಗಳನ್ನು ಆರಿಸಿದ್ದು, ಕೈತಪ್ಪಿ ಯಾರೂ ಒಟ್ಟಿಗೆ ಒತ್ತದಿರಲಿ ಎಂದು. ನನ್ನ ಬೆರಳು ಸಂಧ್ಯಾವಂದನೆಯ ಮುದ್ರೆಯ ಹಾಗೆ ತಿರುಚಿಕೊಂಡವು. ಮೂಲೆಯಲ್ಲಿ ಸಣ್ಣ ಕಿಟಕಿಯೊಂದು ತೆರೆದು, ಪವರ್‌ಪಾಯಿಂಟಿನ ಮುಂದೆ 'ನಾಟ್ ರೆಸ್ಪಾಂಡಿಂಗ್' ಎಂದು ತೋರಿಸಿತು.

ವಿಂಡೋಸ್ ಈ ಷರಾ ಬರೆಯುವ ಮುನ್ನ ಐದು ಸೆಕೆಂಡು ಕಾಯುತ್ತದಂತೆ. ಆ ಐದು ಸೆಕೆಂಡಿನಲ್ಲಿ ಪ್ರೋಗ್ರಾಂ ಒಂದು ಮಾತಿಗಾದರೂ ಓಗೊಡದಿದ್ದರೆ ಮಾತ್ರ ಹಾಗೆ ಬರೆಯುವುದು. ಹಾಜರಿ ಕರೆಯುವಾಗ ನಾನು ಎರಡು ಸೆಕೆಂಡಿನ ಮೇಲೆ ಕಾದವಳಲ್ಲ.

ಗೋಡೆಯ ಮೇಲೆ ನಾಗಲಿಂಗ, ಎದುರಿಗೆ 70 ಮಕ್ಕಳು. ಆ ಹೂವಿನ ಬಗ್ಗೆ ಸ್ಲೈಡಿನಲ್ಲಿದ್ದದ್ದು ಎರಡೇ ಸಾಲು. ಬೇರೆ ದಾರಿ ಕಾಣದೆ ಗೊತ್ತಿದ್ದದ್ದನ್ನೆಲ್ಲ ಹೇಳತೊಡಗಿದೆ. ನಮ್ಮ ಶಿವನ ಗುಡಿಯ ಮುಂದೆ ಇರುವ ಈ ಮರ ದಕ್ಷಿಣ ಅಮೆರಿಕದ್ದು. ಆಬ್ಲೆ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ 1775ರಲ್ಲಿ ಗಯಾನಾದ ಹೆಸರು ಸೇರಿಸಿ ಇದಕ್ಕೆ ನಾಮಕರಣ ಮಾಡಿದ. ಹೂ ಬಿಡುವುದು ಕೊಂಬೆಯ ತುದಿಯಲ್ಲಲ್ಲ, ಬೊಡ್ಡೆಯಿಂದಲೇ ಹೊರಟ ದಂಟಿನಲ್ಲಿ. ನಾವು ಹೆಡೆ ಎನ್ನುವುದೂ ಕೇಸರಗಳೇ, ಲಿಂಗದ ಸುತ್ತ ಬಳೆಯಂತಿರುವುದೂ ಕೇಸರಗಳೇ. ಹೂವಿನಲ್ಲಿ ಮಕರಂದ ಒಂದು ಹನಿಯೂ ಇಲ್ಲ. ದುಂಬಿ ಬರುವುದು ಹೆಡೆಯ ಪರಾಗ ತಿನ್ನಲು. ಅದು ಬರೀ ಮೇವು, ಮೊಳೆಯುವುದಿಲ್ಲ. ದುಂಬಿ ಮೇಯುತ್ತಿರುವಾಗ ಬಳೆಯ ಪರಾಗ ಸದ್ದಿಲ್ಲದೆ ಅದರ ಬೆನ್ನಿಗೆ ಅಂಟುತ್ತದೆ. ಮೊಳೆಯುವುದು ಅದೇ.

"ಅಂದ್ರೆ ಫ್ರೀ ಊಟ ಹಾಕಿ ಕೊರಿಯರ್ ಕೆಲ್ಸ ಮಾಡಿಸ್ಕೊಳುತ್ತೆ" ಎಂದ ಹಿಂದಿನ ಬೆಂಚಿನವನೊಬ್ಬ. ಪಠ್ಯಪುಸ್ತಕ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಹಿಂದಿನ ರಸ್ತೆಯ ಮನೆಯೊಂದರ ಕಾಂಪೌಂಡಿನಲ್ಲಿ ನಾಗಲಿಂಗದ ಮರವಿದೆಯೆಂದೂ ಅವನೇ ಹೇಳಿದ. "ಹೋಗಿ ತೊಗೊಂಡ್ಬಾ" ಎಂದೆ. ಹದಿನೈದು ನಿಮಿಷಕ್ಕೆ ಬಂದ. ಒಂದು ಕೈಯಲ್ಲಿ ಮೂರು ಹೂ, ಇನ್ನೊಂದು ಕೈಯಲ್ಲಿ ಕಾಂಗ್ರೆಸ್ ಕಡಲೆಕಾಯಿಯ ಪೊಟ್ಟಣ. ಬೇಕರಿ ದಾರಿಯಲ್ಲೇ ಸಿಕ್ಕಿತಂತೆ. ಮರದ ದಾರಿ ಬೇಕರಿಯ ದಾರಿಗೆ ತೀರ ವಿರುದ್ಧ ದಿಕ್ಕಿನಲ್ಲಿದೆ, ಇರಲಿ.

ಹೂ ಬೆಂಚಿನಿಂದ ಬೆಂಚಿಗೆ ಹೋಯಿತು. ಕೋಣೆಯೆಲ್ಲ ಗಮಗಮ. ಬೆಲ್ ಹೊಡೆಯಲು ಎರಡು ನಿಮಿಷವಿದೆ ಎನ್ನುವಾಗ ಕಂಪ್ಯೂಟರಿಗೆ ಎಚ್ಚರವಾಯಿತು. ನಾವು ಒತ್ತಿದ್ದನ್ನೆಲ್ಲ ಅದು ಸಾಲಾಗಿ ನೆನಪಿಟ್ಟುಕೊಂಡಿತ್ತು. ಸ್ಪೇಸ್‌ಬಾರಿನ ಮೇಲೆ ಊರಿದ್ದ ಆ ಹೆಬ್ಬೆರಳಿನ ಬಾಕಿಯನ್ನೆಲ್ಲ ಒಂದೇ ಉಸಿರಿಗೆ ತೀರಿಸಿತು. ದಾಸವಾಳ, ಕಣಗಿಲೆ, ಎಕ್ಕ, ಜೋಳದ ತೆನೆ, ಎಲ್ಲವೂ ಬಸ್ಸಿನ ಕಿಟಕಿಯಲ್ಲಿ ಕಂಡಂತೆ ಓಡಿ, ಕೊನೆಗೆ ದೊಡ್ಡಕ್ಷರದಲ್ಲಿ 'ಧನ್ಯವಾದಗಳು' ಎಂದು ನಿಂತಿತು. ಕ್ಲಾಸು ಚಪ್ಪಾಳೆ ತಟ್ಟಿತು.

ರೋಗಪರೀಕ್ಷೆ ಶುರುವಾಯಿತು. ಪಕ್ಕದ ತಿಂಡಿ ಬೀದಿಯ ಎಣ್ಣೆ ಹೊಗೆ ಒಳಗೆ ಸೇರಿದೆ ಎಂದ ಅಟೆಂಡರ್. ಅಲ್ಲಿ ಒಲೆ ಹತ್ತುವುದು ಸಂಜೆ, ನಮ್ಮದು ಕೈಕೊಡುವುದು ಬೆಳಿಗ್ಗೆ ಹನ್ನೊಂದಕ್ಕೆ. ವೈರಸ್ ಇರಬಹುದೆಂದು ನೋಡಿದರೆ ಇತ್ತು, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹತ್ತಿಕೊಂಡು ಬರುತ್ತಿದ್ದ 'ನ್ಯೂ ಫೋಲ್ಡರ್'. ತೆಗೆದರೂ ಹ್ಯಾಂಗ್ ನಿಲ್ಲಲಿಲ್ಲ. ಡಬ್ಬ ಬಿಚ್ಚಿದಾಗ ಎರಡು ಹಿಡಿ ಧೂಳು ಬಂತು. ಡಿವಿಡಿಯ ತಟ್ಟೆಯಲ್ಲಿ ಆಯುಧಪೂಜೆಯ ಅಕ್ಷತೆ. ಆಗ ಅಟೆಂಡರ್ ಕೈ ಚಾಚಿ, "ಮೇಡಂ, ಒಂದ್ ರಬ್ಬರ್ ಕೊಡಿ" ಎಂದ.

ರ‍್ಯಾಮ್ ಪಟ್ಟಿಯ ಅಂಚಿನ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ, ಊದಿ, ಟಕ್ಕೆಂದು ಕೂರಿಸಿದ. ಎಸ್.ಪಿ. ರೋಡಿನ ಅಂಗಡಿಯಲ್ಲಿ ನೋಡಿ ಕಲಿತ ವಿದ್ಯೆ. ಎಲ್ಲ ಬೋರ್ಡುಗಳ ಎದುರೂ ನಾವು ಕೊನೆಗೆ ಹಿಡಿಯುವುದು ಅಳಿಸುವ ವಸ್ತುವನ್ನೇ ಅನ್ನಿಸಿತು. ಎರಡು ದಿನ ಕಂಪ್ಯೂಟರು ಲಕಲಕ ಓಡಿತು. ಅಟೆಂಡರ್ ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುವಷ್ಟು ದೊಡ್ಡ ಮನುಷ್ಯನಾದ. ಮೂರನೆಯ ದಿನ ನನ್ನ ಕ್ಲಾಸು. ಮತ್ತೆ ಹ್ಯಾಂಗ್.

ಕಡಲೆಕಾಯಿಯ ಹುಡುಗ ಕೇಳಿದ: "ಮ್ಯಾಮ್, ಕೆಮಿಸ್ಟ್ರಿಗೆ ಆಗಲ್ಲ, ನಮಗೇ ಯಾಕೆ?"

ಆ ಎರಡು ದಿನ ಕ್ಲಾಸ್ ಇದ್ದದ್ದು ಕೆಮಿಸ್ಟ್ರಿಯವರದು. ಅವರ ಸ್ಲೈಡುಗಳಲ್ಲಿ ಬರೀ ಅಕ್ಷರ. ನನ್ನವುಗಳಲ್ಲಿ ಒಂದೊಂದು ಫೋಟೋಕ್ಕೂ ಒಂದು ಕೋಟಿ ಚುಕ್ಕೆ. ನಮ್ಮ ಪ್ರೊಜೆಕ್ಟರು ತೋರಿಸಬಲ್ಲದ್ದು ಅಡ್ಡಕ್ಕೆ 1024, ಉದ್ದಕ್ಕೆ 768, ಒಟ್ಟು ಎಂಟು ಲಕ್ಷಕ್ಕೂ ಸ್ವಲ್ಪ ಕಡಿಮೆ. ನೂರು ಜನಕ್ಕೆ ಅಡುಗೆ ಮಾಡಿ ಎಂಟು ಎಲೆ ಹಾಕುತ್ತಿದ್ದೆ. ಸಾಲದ್ದಕ್ಕೆ, ಈ ಫೋಟೋಗಳು ಡಬ್ಬದಲ್ಲಿಟ್ಟ ಸಂಡಿಗೆಯ ಜಾತಿಯವು. ಫೈಲಿನಲ್ಲಿ 4 ಎಂಬಿ ಇರುವುದು ತೆರೆಯ ಮೇಲೆ ಬರಲು ರ‍್ಯಾಮ್ ಎಂಬ ಬಾಣಲೆಗೆ ಬಿದ್ದರೆ 40 ಎಂಬಿಯಾಗಿ ಅರಳುತ್ತದೆ. ನಮ್ಮ ಬಾಣಲೆ 512 ಎಂಬಿಯದು. ಅದು ತುಂಬಿದರೆ ಕಂಪ್ಯೂಟರು ಅರಳಿದ್ದನ್ನು ಹಾರ್ಡ್‌ಡಿಸ್ಕಿಗೆ ಸಾಗಿಸಿ, ಬೇಕಾದಾಗ ಹೊತ್ತು ತರುತ್ತದೆ. ಒಲೆ ಅಡುಗೆಮನೆಯಲ್ಲಿ, ತಟ್ಟೆ ಹಿತ್ತಲಲ್ಲಿ. ಓಡಾಟದಲ್ಲೇ ಹೊತ್ತು ಹೋಗುತ್ತದೆ.

ಹುಡುಗ ಫೋಟೋ ಒಂದರ ಮೇಲೆ ಕ್ಲಿಕ್ ಮಾಡಿ 'ಕಂಪ್ರೆಸ್ ಪಿಕ್ಚರ್ಸ್' ಹುಡುಕಿ ಒತ್ತಿದ. 240 ಎಂಬಿಯ ಫೈಲು ಹತ್ತರ ಒಳಗೆ ಇಳಿಯಿತು. ಅಷ್ಟೇ. ಪ್ರಿನ್ಸಿಪಾಲರಿಗೆ "ಹಿಂಗಾತ್ರೀ" ಎಂದು ವರದಿ ಒಪ್ಪಿಸಿದೆ.

ಆಮೇಲೆ ಅದು ಹ್ಯಾಂಗ್ ಆಗಲಿಲ್ಲ. 60 ಸ್ಲೈಡು 35 ನಿಮಿಷಕ್ಕೆ ಮುಗಿಯುತ್ತಿತ್ತು. "ಎನಿ ಕ್ವೆಶ್ಚನ್ಸ್?" ಎನ್ನುತ್ತಿದ್ದೆ. ಐದು ಸೆಕೆಂಡು ಕಾಯುವುದನ್ನೂ ಕಲಿತಿದ್ದೆ. ಯಾರಿಗೂ ಏನೂ ಇರುತ್ತಿರಲಿಲ್ಲ.

ಅವರೆಬೇಳೆ ಮೇಳ ಇನ್ನೂ ತಿಂಡಿ ಬೀದಿಯಲ್ಲೇ ನಡೆಯುತ್ತಿದ್ದಾಗಿನ ಮಾತು. ಒಂದು ಜನವರಿ, ನೂಕುನುಗ್ಗಲಿನ ನಡುವೆ ದೋಸೆಯ ತಟ್ಟೆ ಹಿಡಿದಿದ್ದ ಗಡ್ಡದ ಯುವಕನೊಬ್ಬ "ಮ್ಯಾಮ್, ನಾಗಲಿಂಗ!" ಎಂದು ಕೂಗಿದ. ಕಡಲೆಕಾಯಿಯವನು. ಸಾಫ್ಟ್‌ವೇರಿನಲ್ಲಿದ್ದಾನಂತೆ. ಪಕ್ಕದಲ್ಲಿದ್ದ ಹೆಂಡತಿಗೆ ಅಲ್ಲೇ ಪಾಠ ಶುರು ಮಾಡಿದ: "ಹೆಡೆದು ಮೊಳೆಯಲ್ಲ, ಬಳೆದು ಮೊಳೆಯುತ್ತೆ. ಅಲ್ವಾ ಮ್ಯಾಮ್?"

"ಸರಿ ಕಣೋ. ಮಿಕ್ಕಿದ 51 ಸ್ಲೈಡಿನಲ್ಲಿ ಏನಿತ್ತು, ಹೇಳು ನೋಡೋಣ?"

ಒಂದು ತುತ್ತು ದೋಸೆ ನುಂಗಿ ಯೋಚಿಸಿದ. "ಲಾಸ್ಟಲ್ಲಿ 'ಧನ್ಯವಾದಗಳು' ಅಂತ ಇತ್ತು ಮ್ಯಾಮ್."

ಸ್ಲೈಡು ತೋರಿಸುವವರು ಫೋಟೋ ಚಿಕ್ಕದು ಮಾಡಿಕೊಂಡು ಹೋಗಿ; ನಿಂತುಹೋದರೆ ಸ್ಪೇಸ್‌ಬಾರಿನ ಮೇಲೆ ಯಾರ ಹೆಬ್ಬೆರಳನ್ನೂ ಊರಗೊಡಬೇಡಿ. ನಾಗಲಿಂಗ ನೋಡಬೇಕೆನ್ನುವವರು ಲಾಲ್‌ಬಾಗಿಗೆ ಬೆಳಿಗ್ಗೆಯೇ ಹೋಗಿ. ಅದು ಒಂದು ದಿನದ ಹೂ.