ಬಣ್ಣದ ಕೋಳಿ, ಕಾವಿನ ಕೋಳಿ

ಹಿತ್ತಿಲಿಗೆ ನಾಲ್ಕು ಕೋಳಿ ತರಬೇಕು ಎನ್ನುವವರು ನಮ್ಮ ತಿಪಟೂರು ಸೀಮೆಯಲ್ಲಿ ಈಗ ಬಹಳ ಮಂದಿ. ಬೆಂಗಳೂರಿನ ಕೆಲಸ ಮುಗಿಸಿ ತೋಟಕ್ಕೆ ವಾಪಸಾದವರಿದ್ದಾರೆ, ಮಕ್ಕಳಿಗೆ ಮನೆಯ ಮೊಟ್ಟೆಯನ್ನೇ ಕೊಡಬೇಕು ಎನ್ನುವ ತಾಯಂದಿರಿದ್ದಾರೆ. ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಯಾವ ತಳಿ ಹೆಚ್ಚು ಮೊಟ್ಟೆ ಇಡುತ್ತದೆ? ಬಣ್ಣಬಣ್ಣದವು ಸಿಗುತ್ತವೆಯೇ? ಎರಡನೆಯದನ್ನು ಕೇಳುವಾಗ ಶೋಕಿ ಎಂದುಕೊಂಡಾರು ಎಂದು ದನಿ ತಗ್ಗಿಸುತ್ತಾರೆ. ತಗ್ಗಿಸಬೇಕಾಗಿಲ್ಲ. ಬಯಲಲ್ಲಿ ಮೇಯುವ ಕೋಳಿಗೆ ಬಣ್ಣವೆಂದರೆ ಜೀವ ಉಳಿಸಿಕೊಳ್ಳುವ ದಾರಿ. ಆದರೆ ಅವರು ಕೇಳದೇ ಬಿಡುವ ಮೂರನೆಯ ಪ್ರಶ್ನೆಯೊಂದಿದೆ: ಇವುಗಳಲ್ಲಿ ಕಾವು ಕೂರುವುದು ಯಾವುದು?

1970ರ ದಶಕದಲ್ಲಿ ನಮ್ಮ ಮನೆಯಲ್ಲಿ ಕೋಳಿ ಆರಿಸಿ ತರುವ ಮಾತೇ ಇರಲಿಲ್ಲ. ಇದ್ದ ಕೋಳಿ ಮರಿ ಮಾಡುತ್ತಿತ್ತು, ಆ ಮರಿ ಯಾವ ಬಣ್ಣದ್ದಾದರೆ ಅದೇ ನಮ್ಮ ಬಣ್ಣ. ಕತ್ತಿನಲ್ಲಿ ಬೆಂಕಿಯ ಕೆಂಪು, ಬಾಲದಲ್ಲಿ ಹಸಿರು ಮಿಂಚುವ ಕಪ್ಪು ಇದ್ದ ಹುಂಜ. ಅಚ್ಚ ಕರಿ ಹೇಂಟೆ. ಬೂದಿ ಬಣ್ಣದ್ದೊಂದು, ಚುಕ್ಕೆಯದೊಂದು, ಕೌಜುಗದ ಹಾಗೆ ಕಂದು ಗೀರಿನದು ಎರಡೋ ಮೂರೋ. ಜುಟ್ಟಿನದು ಒಂದಿರುತ್ತಿತ್ತು, ಬೋಳುಕತ್ತಿನದು ಒಂದಿರುತ್ತಿತ್ತು. ಬೋಳುಕತ್ತಿನ ಕೋಳಿಯನ್ನು ಕಂಡರೆ ಮಕ್ಕಳಿಗೆ ಅಸಹ್ಯ. ಅಜ್ಜಿಗೆ ಮಾತ್ರ ಅದು ಬೇಕೇ ಬೇಕು. ಏಪ್ರಿಲ್ ಬಿಸಿಲಿಗೆ ಉಳಿದವು ಬಾಯಿ ತೆರೆದು ಏದುಸಿರು ಬಿಡುತ್ತ ನೆರಳು ಹುಡುಕುವಾಗ ಅದು ತಿಪ್ಪೆ ಕೆದರುತ್ತಲೇ ಇರುತ್ತಿತ್ತು. ಆ ಗುಣವಿರುವ ಕೋಳಿಗೆ ಕತ್ತಿನಲ್ಲಷ್ಟೇ ಅಲ್ಲ, ಇಡೀ ಮೈಯಲ್ಲಿ ಪುಕ್ಕ ಕಡಿಮೆ. ಮೈಯ ಶಾಖ ಬೇಗ ಹೊರಹೋಗುತ್ತದೆ. ಬರೇಲಿ ಬಳಿಯ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಇದೇ ಗುಣವನ್ನು ಹಿಡಿದು ಹಿತ್ಕ್ಯಾರಿ ಎಂಬ ತಳಿಯನ್ನೇ ಮಾಡಿತು.

ಆ ಹಿಂಡಿನಲ್ಲಿ ಬಿಳಿ ಕೋಳಿ ಇರುತ್ತಿರಲಿಲ್ಲ. ಹುಟ್ಟುತ್ತಿತ್ತು, ಉಳಿಯುತ್ತಿರಲಿಲ್ಲ. ತೆಂಗಿನ ತೋಟದ ಮೇಲೆ ಸುತ್ತು ಹೊಡೆಯುವ ಹದ್ದಿಗೆ ಮೊದಲು ಕಾಣುವುದು ಬಿಳಿಯದೇ. ಕಂದು ಗೀರಿನ ಹೇಂಟೆ ಒಣಗರಿಯ ರಾಶಿಯ ಪಕ್ಕದಲ್ಲಿ ಕುಕ್ಕರಿಸಿದರೆ ನಾವು ಹತ್ತಿರ ಹೋಗಿ ಕಾಲಿಡುವವರೆಗೂ ಅಲ್ಲಿ ಕೋಳಿ ಇದೆ ಎಂದು ಗೊತ್ತಾಗುತ್ತಿರಲಿಲ್ಲ. ಬೆನ್ನಿನ ಒಂದೊಂದು ಗರಿಯಲ್ಲೂ ಕಡ್ಡಿಯಷ್ಟು ಸಣ್ಣ ಕಪ್ಪು ಗೆರೆಗಳು, ಗರಿಯ ನಡುದಂಟು ಮಾತ್ರ ಒಣಹುಲ್ಲಿನ ಬಣ್ಣ. ದೂರಕ್ಕೆ ಅದು ಬರೀ ತರಗು. ಕಾಡುಕೋಳಿಯ ಹೇಂಟೆಗೂ ಇಂಥದೇ ಬೆನ್ನು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಎಂದು ಡಾರ್ವಿನ್ ಕಾಲದಿಂದ ಹೇಳುತ್ತ ಬಂದಿದ್ದಾರೆ. 2008ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಅದಕ್ಕೊಂದು ತಿದ್ದುಪಡಿ ತಂದಿತು: ಸಾಕುಕೋಳಿಯ ಹಳದಿ ಚರ್ಮ, ಹಳದಿ ಕಾಲು ಬಂದದ್ದು ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳಗಿನ ಜಾವ ಕೂಗುವ ಕಾಡುಕೋಳಿ ಅದೇ. ಲೋಕದ ಎಷ್ಟೋ ಹೆಸರಾಂತ ತಳಿಗಳ ಕಾಲಿನ ಬಣ್ಣ ನಮ್ಮ ಕಡೆಯ ಕಾಡಿನದು ಎಂಬುದು ನನಗೆ ಇವತ್ತಿಗೂ ಹೆಮ್ಮೆಯ ಸಂಗತಿ.

ಹಾಗೆಂದು ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಮೊಟ್ಟೆ ಎಲ್ಲಿತ್ತು? ನಾಟಿ ಹೇಂಟೆ ಒಂದು ಸರದಿಗೆ ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟು ಕಾವು ಕೂತುಬಿಡುತ್ತದೆ. ಕಾವು 21 ದಿನ, ಆಮೇಲೆ ಎರಡು ಮೂರು ತಿಂಗಳು ಮರಿಗಳ ಹಿಂದೆ. ಮರಿಗಳನ್ನು ಕುಕ್ಕಿ ದೂರ ಮಾಡಿದ ಮೇಲೆಯೇ ಮತ್ತೆ ಮೊಟ್ಟೆ. ವರ್ಷಕ್ಕೆ ಇಂಥ ಮೂರು ನಾಲ್ಕು ಸರದಿ. 50-60 ಮೊಟ್ಟೆಗಿಂತ ಹೆಚ್ಚು ನಿರೀಕ್ಷಿಸುವ ಹಾಗಿಲ್ಲ. ಅದರಲ್ಲೂ ಒಂದು ಪಾಲು ಮರಿಗೆ, ಒಂದು ಪಾಲು ಸಂತೆಗೆ. ಉಪ್ಪು, ಎಣ್ಣೆ, ಬಳೆಯ ಖರ್ಚು ಅಜ್ಜಿಗೆ ಹುಟ್ಟುತ್ತಿದ್ದುದು ಅಲ್ಲಿಂದಲೇ. ಜ್ವರ ಬಂದು ಎದ್ದಾಗ, ಇಲ್ಲವೇ ನೆಂಟರು ಬಂದಾಗ ನಮಗೆ ಮೊಟ್ಟೆ ಸಿಗುತ್ತಿತ್ತು. ಇವತ್ತು ನನ್ನ ಮೊಮ್ಮಕ್ಕಳು ದಿನಕ್ಕೊಂದು ತಿನ್ನುತ್ತಾರೆ. ಇದರಲ್ಲಿ ಯಾವುದು ಮೇಲು ಎಂಬ ಬಗ್ಗೆ ನನಗೆ ಅನುಮಾನವೇ ಇಲ್ಲ.

ಇನ್ನು ಬೇಸಿಗೆಯ ರೋಗ. ಕೊಕ್ಕರೆ ರೋಗ ಎನ್ನುತ್ತಿದ್ದರು. 1927ರಲ್ಲಿ ಈಗಿನ ಉತ್ತರಾಖಂಡದ ರಾಣಿಖೇತದಲ್ಲಿ ಗುರುತಿಸಿದ್ದರಿಂದ ಪುಸ್ತಕದಲ್ಲಿ ರಾಣಿಖೇತ್ ರೋಗ. ನಮಗೆ ಊರಿನ ಹೆಸರು ಗೊತ್ತಿರಲಿಲ್ಲ, ಲಕ್ಷಣ ಗೊತ್ತಿತ್ತು. ಮೊದಲು ಒಂದು ಕೋಳಿ ರೆಕ್ಕೆ ಇಳಿಬಿಟ್ಟು ಮೂಲೆ ಸೇರುತ್ತದೆ. ಹಸಿರು ಬೆರೆತ ನೀರುಹಿಕ್ಕೆ. ಬದುಕಿ ಉಳಿದದ್ದು ಕತ್ತು ತಿರುಚಿಕೊಂಡು ಆಕಾಶ ನೋಡುತ್ತ ಹಿಂದಕ್ಕೆ ನಡೆಯುತ್ತದೆ, ಮುಂದಿಟ್ಟ ರಾಗಿಗೆ ಕೊಕ್ಕು ಗುರಿ ಮುಟ್ಟುವುದಿಲ್ಲ. ನಾಲ್ಕೈದು ದಿನದಲ್ಲಿ ಕೇರಿಯ ಗೂಡುಗಳೆಲ್ಲ ಖಾಲಿ. ಬಣ್ಣದ ಹಿಂಡು, ಎರಡು ಮೂರು ವರ್ಷದ ದುಡಿಮೆ, ಎಲ್ಲ ಹೊಂಡಕ್ಕೆ. ಉಳಿದ ಒಂದು ಹೇಂಟೆಯನ್ನು ಯಾರೋ ಪಾಲಿಗೆ ಕೊಟ್ಟು ಮತ್ತೆ ಹಿಂಡು ಕಟ್ಟುತ್ತಿದ್ದರು. ನಾಟಿ ಕೋಳಿಗೆ ರೋಗವೇ ಬರುವುದಿಲ್ಲ ಎಂದು ಈಗ ಮಾರುವವರು ಹೇಳುವುದನ್ನು ಕೇಳಿದಾಗ ನನಗೆ ಆ ಹೊಂಡ ನೆನಪಾಗುತ್ತದೆ. ಬರುತ್ತದೆ. ಲಸಿಕೆ ಹಾಕದಿದ್ದರೆ ಬಂದೇ ಬರುತ್ತದೆ.

ಬಿಳಿ ಲೆಗ್‌ಹಾರ್ನ್ ನಮ್ಮೂರಿಗೂ ಬಂತು. ಸರ್ಕಾರಿ ಕೋಳಿ ಎಂದೇ ಕರೆದರು. ವರ್ಷಕ್ಕೆ 250-300 ಮೊಟ್ಟೆ ಇಡುವ, ಇಟಲಿ ಮೂಲದ ಹಗುರ ಕೋಳಿ. ಗೂಡಿನಲ್ಲಿ ಹಿಟ್ಟು ಹಾಕಿ ಸಾಕಿದವರಿಗೆ ಅದರಷ್ಟು ಲಾಭದ್ದು ಇನ್ನೊಂದಿಲ್ಲ. ಹಿತ್ತಿಲಿಗೆ ಬಿಟ್ಟವರ ಮನೆಯಲ್ಲಿ ಹದ್ದು ಮತ್ತು ಮುಂಗುಸಿ ಲೆಕ್ಕ ಮುಗಿಸಿದವು. ಅಮೆರಿಕದ ರೋಡ್ ಐಲ್ಯಾಂಡ್ ರೆಡ್ ಇದಕ್ಕಿಂತ ವಾಸಿ. ಇಟ್ಟಿಗೆ ಕೆಂಪಿನ ಗಟ್ಟಿ ಕೋಳಿ, ಕಂದು ಮೊಟ್ಟೆ.

ಹಳ್ಳಿಯವರಿಗೆ ಬೇಕಾದ ಬಣ್ಣವನ್ನೂ ಮೊಟ್ಟೆಯನ್ನೂ ಸೇರಿಸಿ ಕೊಟ್ಟದ್ದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು. 1980ರ ದಶಕದ ಕೊನೆಗೆ ಅಲ್ಲಿಂದ ಗಿರಿರಾಜ ಬಂತು. ನಾಟಿಯ ಹಾಗೆ ನಾನಾ ಬಣ್ಣ, ತೂಕದಲ್ಲಿ ನಾಟಿಯ ಎರಡರಷ್ಟು, ವರ್ಷಕ್ಕೆ 130-150 ಕಂದು ಮೊಟ್ಟೆ. ಊರವರು ನಂಬಿ ಸಾಕಿದ ಮೊದಲ ಸುಧಾರಿತ ಕೋಳಿ ಇದೇ ಎಂದರೆ ತಪ್ಪಾಗದು. ಅದರ ಕೊರತೆ ಭಾರ. ಹಾರಿ ಮರ ಹತ್ತಲಾರದು, ಕಾಡುಬೆಕ್ಕು ಬಂದರೆ ಓಡಲಾರದು. 2005ರಲ್ಲಿ ಬಂದ ಸ್ವರ್ಣಧಾರಾ ಇದನ್ನು ಸರಿಪಡಿಸಿತು: ಮೈ ಸ್ವಲ್ಪ ಹಗುರ, ಓಟ ಚುರುಕು, ಮೊಟ್ಟೆ ವರ್ಷಕ್ಕೆ 180-190. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ, ಹೆಸರಘಟ್ಟದ ಕೇಂದ್ರದ ಕಾವೇರಿ ಕೂಡ ಈಗ ಮರಿ ಮಾರುವವರ ಹತ್ತಿರ ಸಿಗುತ್ತವೆ. ವನರಾಜ ಮಾಂಸಕ್ಕೆ, ಗ್ರಾಮಪ್ರಿಯ ಮೊಟ್ಟೆಗೆ ಎಂದು ಇಟ್ಟುಕೊಂಡರೆ ಸಾಕು.

ಮೊಟ್ಟೆಗೆಂದೇ ಸಾಕುವವರಿಗೆ ನನ್ನ ಮಾತು: ಹಿಂಡಿನ ಅರ್ಧ ಸ್ವರ್ಣಧಾರಾ ಇರಲಿ. ಹೊಂಬಣ್ಣದಿಂದ ಗಾಢ ಕಂದಿನವರೆಗೆ ನಾನಾ ಛಾಯೆ ಅದರಲ್ಲೇ ಬರುತ್ತವೆ. ಕಪ್ಪು ಬೇಕಾದರೆ ಕಡಕ್‌ನಾಥ್ ಎರಡು ಇರಲಿ, ಆದರೆ ಆಸೆ ಮಿತಿಯಲ್ಲಿರಲಿ. ಮಧ್ಯಪ್ರದೇಶದ ಝಾಬುವಾ ಸೀಮೆಯ ಭಿಲ್ ಜನ ಉಳಿಸಿಕೊಂಡು ಬಂದ ಕೋಳಿ ಅದು. ಅದರ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಪುಕ್ಕ, ಚರ್ಮ, ಜುಟ್ಟು, ನಾಲಿಗೆ, ಮೂಳೆಯ ಮೇಲಿನ ಪೊರೆಯವರೆಗೂ ಕಪ್ಪು. ಮೊಟ್ಟೆ ಮಾತ್ರ ಕಪ್ಪಲ್ಲ, ತಿಳಿ ಕೆನೆ ಬಣ್ಣ. ವರ್ಷಕ್ಕೆ ನೂರು ಸಿಕ್ಕರೆ ಹೆಚ್ಚು, ಕಾವು ಕೂರುವುದರಲ್ಲೂ ಹಿಂದು. ಕಪ್ಪು ಮೊಟ್ಟೆ ತೋರಿಸಿ ದುಬಾರಿ ಬೆಲೆ ಕೇಳುವವರನ್ನು ನಂಬಬೇಡಿ.

ಮೊಟ್ಟೆಯ ಬಣ್ಣದ ವಿಷಯಕ್ಕೂ ಎರಡು ಮಾತು ಬೇಕು. ಕೋಳಿಯ ಕಿವಿಯ ಹಾಲೆ ನೋಡಿ: ಬಿಳಿ ಇದ್ದರೆ ಸಾಮಾನ್ಯವಾಗಿ ಬಿಳಿ ಮೊಟ್ಟೆ, ಕೆಂಪಿದ್ದರೆ ಕಂದು. ಎಲ್ಲ ತಳಿಗೂ ಇದು ಹೊಂದುವುದಿಲ್ಲ, ಆದರೂ ಸಂತೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಚಿಪ್ಪು ಕಟ್ಟಲು ಸುಮಾರು 20 ಗಂಟೆ ಹಿಡಿಯುತ್ತದೆ. ಕಂದು ಬಣ್ಣ ಕೂರುವುದು ಮುಖ್ಯವಾಗಿ ಕೊನೆಯ ಗಂಟೆಗಳಲ್ಲಿ, ಅದೂ ಹೊರಮೈಗೆ. ಕಂದು ಮೊಟ್ಟೆಯನ್ನು ಒಡೆದು ಒಳಗೆ ನೋಡಿದರೆ ಚಿಪ್ಪು ಬಿಳಿಯೇ. ಚಿಪ್ಪಿನ ಬಣ್ಣದಿಂದ ಸತ್ವ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಮೊಟ್ಟೆಯೊಳಗಿನ ಭಂಡಾರದ ಕಡು ಹಳದಿಗೆ ಕಾರಣ ಕೋಳಿ ತಿಂದ ಸೊಪ್ಪು, ಹುಲ್ಲು, ಮುಸುಕಿನ ಜೋಳ. ಬಿಳಿ ಮೊಟ್ಟೆಗೆ ಟೀ ಡಿಕಾಕ್ಷನ್ ಬಳಿದು ನಾಟಿ ಎಂದು ಮಾರುವವರಿಗೆ ನಮ್ಮ ಈ ಅಜ್ಞಾನವೇ ಬಂಡವಾಳ.

ಈಗ ಆ ಮೂರನೆಯ ಪ್ರಶ್ನೆಗೆ ಬರುತ್ತೇನೆ. ಮೊಟ್ಟೆ ಹೆಚ್ಚಿಸಲು ತಳಿ ತಿದ್ದಿದವರು ಮೊದಲು ಬಿಡಿಸಿದ ಗುಣ ಕಾವು. ಅದು ಅನಿವಾರ್ಯ, ಕಾವು ಕೂತ ಕೋಳಿ ಮೊಟ್ಟೆ ಇಡದು. ಸ್ವರ್ಣಧಾರಾ, ಗಿರಿರಾಜ ಕಾವಿಗೆ ನೆಚ್ಚುವಂಥವಲ್ಲ. ಮೇಲಾಗಿ ಅವು ಮಿಶ್ರತಳಿ. ಅವುಗಳಲ್ಲೇ ಕೂಡಿಸಿ ಮರಿ ಮಾಡಿಸಿದರೆ ಬಣ್ಣ, ತೂಕ, ಮೊಟ್ಟೆ ಮೂರೂ ಏರುಪೇರು. ಪ್ರತಿ ಸಲವೂ ಮರಿ ಕೊಂಡೇ ತರಬೇಕು.

ಅಜ್ಜಿಯ ಕಾಲದಲ್ಲಿ ತೊಂದರೆ ಇದಕ್ಕೆ ಉಲ್ಟಾ. ಬೇಡದ ಹೊತ್ತಿನಲ್ಲಿ ಕಾವು ಕೂತ ಹೇಂಟೆಯನ್ನು ಎಬ್ಬಿಸಲು ತಣ್ಣೀರಲ್ಲಿ ಅದ್ದುತ್ತಿದ್ದರು, ಅದರದೇ ಪುಕ್ಕವನ್ನು ಮೂಗಿನ ಹೊಳ್ಳೆಗೆ ತೂರಿಸಿ ಬಿಡುತ್ತಿದ್ದರು. ಕೊಕ್ಕಿನಿಂದ ಪುಕ್ಕ ಕೆದರಿಕೊಳ್ಳುವುದರಲ್ಲೇ ಅದಕ್ಕೆ ಕಾವು ಮರೆಯುತ್ತಿತ್ತು. ಕೂರಿಸಬೇಕಾದಾಗಿನ ಆರೈಕೆಯೇ ಬೇರೆ. ಹಳೆಯ ಮಂಕರಿಗೆ ಹೇನು ಹತ್ತದಂತೆ ಒಲೆಯ ಬೂದಿ, ಅದರ ಮೇಲೆ ರಾಗಿಹುಲ್ಲು, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಕಬ್ಬಿಣದ ಚೂರು. ವಾರ ಕಳೆದ ಮೇಲೆ ಹೆಂಚಿನ ಸಂದಿಯಿಂದ ಬೀಳುವ ಬಿಸಿಲುಕೋಲಿಗೆ ಮೊಟ್ಟೆಯನ್ನು ಹಿಡಿದು, ಕೆಂಪು ಎಳೆ ಕಾಣದ್ದನ್ನು ಅಜ್ಜಿ ಪಕ್ಕಕ್ಕಿಡುತ್ತಿದ್ದಳು. ಕೊನೆಯ ದಿನಗಳಲ್ಲಿ ಉಗುರುಬೆಚ್ಚಗಿನ ನೀರಿಗೆ ಬಿಟ್ಟರೆ ಜೀವವಿದ್ದ ಮೊಟ್ಟೆ ತಾನಾಗಿ ಅಲುಗುತ್ತಿತ್ತು. ಅದನ್ನು ನೋಡಲು ಕೇರಿಯ ಮಕ್ಕಳೆಲ್ಲ ಬೋಗುಣಿಯ ಸುತ್ತ ಸೇರುತ್ತಿದ್ದೆವು.

ಈಗ ನಮ್ಮ ಬೀದಿಯಲ್ಲಿ ಕಾವು ಕೂರುವ ಕೋಳಿ ಇರುವುದು ನಮ್ಮನೆಯಲ್ಲಿ ಮಾತ್ರ. "ಅಕ್ಕಾ, ನಿಮ್ಮ ಕರಿ ಹೇಂಟೆ ಕೂತ್ಕೊಂಡ್ರೆ ಹೇಳಿ, ನಮ್ದೂ ಒಂದೈದು ಮೊಟ್ಟೆ ಇಡಣ" ಎಂದು ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಲ್ಲುತ್ತಾಳೆ. ಆಕೆಯ ಮನೆಯಲ್ಲಿ ಮರಿ ಮಾಡುವ ಯಂತ್ರವಿದೆ. ಆದರೆ 37.5 ಡಿಗ್ರಿ ಶಾಖ ಮೂರು ವಾರ ಬಿಡದೆ ನಿಲ್ಲಬೇಕಲ್ಲ, ಕರೆಂಟು ಹೋದರೆ ಮುಗಿಯಿತು. ಅದಲ್ಲದೆ ಯಂತ್ರ ಮರಿಗೆ ಹದ್ದಿನ ನೆರಳು ತೋರಿಸಿ ಹೆದರಿಸುವುದಿಲ್ಲ. ಗಿಡುಗ ಕಂಡಾಗ ತಾಯಿ ತೆಗೆಯುವ ಒಂದೇ ಎಳೆಯ ದನಿಗೆ ಮರಿಗಳು ಸದ್ದಿಲ್ಲದೆ ಬೇಲಿಯ ಬುಡ ಸೇರುತ್ತವೆ. ಪೆಟ್ಟಿಗೆಯಲ್ಲಿ ಬಂದ ಮರಿಗಳಿಗೆ ಅದನ್ನು ಹೇಳಿಕೊಡುವವರಿಲ್ಲ. ಅವು ತಲೆಯೆತ್ತಿ ನೋಡುತ್ತ ನಿಲ್ಲುತ್ತವೆ.

ಈ ಗುಣ ನಮ್ಮ ಕಣ್ಣೆದುರೇ ಹೋಗುತ್ತಿದೆ. ಕರ್ನಾಟಕ-ಆಂಧ್ರದ ಗಡಿ ಸೀಮೆಯ ಘಾಗಸ್‌ನಂಥ ತಳಿಗಳಿಗೆ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಾದರೂ ಇದೆ. ನಮ್ಮ ಕೇರಿಗಳ ಹೆಸರಿಲ್ಲದ ನಾಟಿ ಹೇಂಟೆಗೆ ಅದೂ ಇಲ್ಲ. ದೊಡ್ಡ ಹುಂಜ ಬೇಕು ಎಂದು ಊರಿಗೆಲ್ಲ ಗಿರಿರಾಜನ ಹುಂಜವನ್ನೇ ಬಿಟ್ಟರೆ ಎರಡು ಮೂರು ತಲೆಮಾರಿಗೆ ಕಾವಿನ ನೆಚ್ಚಿಕೆ ಹೋಗುತ್ತದೆ. ಹೋದದ್ದನ್ನು ಯಾವ ಫಾರಂನಿಂದಲೂ ತರಲಾಗದು.

ಆದ್ದರಿಂದ ಕೋಳಿ ತರುವವರು ಹತ್ತರಲ್ಲಿ ಎರಡಾದರೂ ನಾಟಿ ಹೇಂಟೆ ಇಟ್ಟುಕೊಳ್ಳಿ, ಅವುಗಳ ಜೊತೆಗೆ ನಾಟಿ ಹುಂಜವನ್ನೇ ಬಿಡಿ. ಮೊಟ್ಟೆ ಕಡಿಮೆ ಎಂದು ಗೊಣಗಬೇಡಿ, ಅವುಗಳ ಕೆಲಸ ಬೇರೆ. ಮತ್ತೆ ಕೊಕ್ಕರೆ ರೋಗದ ಲಸಿಕೆ: ಮೊದಲ ವಾರದಲ್ಲಿ ಕಣ್ಣಿಗೆ ಲಾಸೋಟಾ ಹನಿ, ಎಂಟು ವಾರ ದಾಟಿದ ಮೇಲೆ ಆರ್‌ಟುಬಿ ಚುಚ್ಚುಮದ್ದು, ನಡುವಿನದನ್ನು ಪಶುವೈದ್ಯರು ಹೇಳುತ್ತಾರೆ. ಒಂದು ಬಾಟಲಿಯಲ್ಲಿ ಹತ್ತಾರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಐದು ಕೋಳಿಗೆ ಒಂದು ಬಾಟಲಿ ಯಾಕೆ ಎಂದೇ ಎಷ್ಟೋ ಮನೆಯವರು ಹಾಕಿಸದೆ ಬಿಡುತ್ತಾರೆ. ಬೀದಿಯವರೆಲ್ಲ ಒಂದು ಬೆಳಿಗ್ಗೆ ಗೊತ್ತುಮಾಡಿ, ಐಸ್ ಹಾಕಿದ ಡಬ್ಬಿಯಲ್ಲಿ ಒಂದೇ ಬಾಟಲಿ ತರಿಸಿ, ಮನೆಮನೆಯ ಕೋಳಿಗೂ ಹಾಕಿಸಿ. ತಲೆಗೆ ಬೀಳುವ ಖರ್ಚು ಒಂದು ಮೊಟ್ಟೆಯ ಬೆಲೆಗಿಂತ ಹೆಚ್ಚಾಗದು.